ಜೀಪಿನ ಚುಕ್ಕಾಣಿ



ಪ್ರತಿ ಸಲವೂ ಒಂದು ವಚನವನ್ನು ಮುಂದಿಟ್ಟುಕೊಂಡು ಅದರ ಪಾಠ, ಪದಾರ್ಥ, ಭಾವಾರ್ಥಗಳನ್ನು ಯಥಾಮತಿ ವಿವರಿಸುತ್ತ ಬಂದಿದ್ದೇನೆ. ಈ ಸಲ ಮುಂದಿರುವುದು ವಚನವಲ್ಲ, ಶ್ರೀಮಠದ ಹಳೆಯ ಜೀಪಿನ ಸ್ಟೇರಿಂಗ್. ಹಳ್ಳಿಖೇಡ (ಬಿ)ಯ ಒಂದು ಗ್ಯಾರೇಜಿನಲ್ಲಿ ಅದನ್ನು ಬಿಚ್ಚಿ, ತೊಳೆದು, ಮರಳಿ ಜೋಡಿಸುವಷ್ಟು ದಿನವೂ ನಾನು ಅಲ್ಲಿ ಒಂದು ಎಣ್ಣೆ ಡಬ್ಬಿಯ ಮೇಲೆ ಕುಳಿತಿದ್ದೆ. ಕನ್ನಡ ಎಂ.ಎ. ಮಾಡಿದವನಿಗೆ ಗ್ಯಾರೇಜಿನಲ್ಲೇನು ಕೆಲಸ ಎಂದು ಕೆಲವು ಭಕ್ತರು ನಗುತ್ತ ಕೇಳಿದ್ದುಂಟು. ಕೆಲಸವಿತ್ತು. ಅದನ್ನೇ ಇಲ್ಲಿ ನಿವೇದಿಸುತ್ತೇನೆ.

ಮೊದಲು ಒಂದು ಶಬ್ದವಿಚಾರ. ಸ್ಟೇರಿಂಗಿಗೆ ಗ್ರಾಂಥಿಕ ಕನ್ನಡದಲ್ಲಿ ನಾವು ‘ಚುಕ್ಕಾಣಿ’ ಎನ್ನುತ್ತೇವೆ. ಅದು ಹಡಗಿನ ಮಾತು, ಅರಬ್ಬಿಯ ‘ಸುಕ್ಕಾನ್’ ಎಂಬುದರಿಂದ ಕರಾವಳಿಯ ಭಾಷೆಗಳಿಗೆ ಬಂದುದು. ಭಾಷಣಗಳಲ್ಲಿ ಅಂಬಿಗರ ಚೌಡಯ್ಯನವರ ಕೈಗೆ ಚುಕ್ಕಾಣಿ ಕೊಡುವವರನ್ನು ಕೇಳಿದ್ದೇನೆ. ಆದರೆ ಹೊಳೆಯ ಹರಿಗೋಲಿಗೆ ಚುಕ್ಕಾಣಿ ಎಲ್ಲಿಯದು? ಅಲ್ಲಿ ನಡೆಸುವುದೂ ಹುಟ್ಟೇ, ತಿರುಗಿಸುವುದೂ ಹುಟ್ಟೇ. ಎರಡು ಕೆಲಸಗಳು ಬೇರೆಯಾಗಿ, ತಿರುಗಿಸುವುದಕ್ಕೇ ಪ್ರತ್ಯೇಕ ಯಂತ್ರ ಬಂದಾಗ ಏನೇನು ಬೇಕಾಗುತ್ತದೆ ಎಂಬುದು ಜೀಪಿನ ಮುಂಭಾಗವನ್ನು ಬಿಚ್ಚಿ ನೋಡಿದವರಿಗೇ ತಿಳಿಯುವುದು. ಗ್ಯಾರೇಜಿನಲ್ಲಿ ಯಾರೂ ಚುಕ್ಕಾಣಿ ಎನ್ನಲಿಲ್ಲ. ಅಲ್ಲಿನ ಭಾಷೆಯೂ ಆ ಊರಿನ ಹೆಸರಿನ ಹಾಗೆಯೇ ಇದೆ. ‘ಹಳ್ಳಿ’ ಕನ್ನಡ; ‘ಖೇಡ’ ಎಂಬುದರಲ್ಲಿ ಮರಾಠಿಯ ಹಳ್ಳಿಯೇ ಕೇಳಿಸುತ್ತದೆ; ಆವರಣದೊಳಗಿನ ‘ಬಿ’ ನಿಜಾಮರ ಕಾಲದ ಕಂದಾಯ ದಫ್ತರದ ‘ಬುಜುರ್ಗ್’, ಅಂದರೆ ಹಿರಿದು. ಅಂತೆಯೇ ಸ್ಪ್ಯಾನರ್ ಅಲ್ಲಿ ‘ಪಾನಾ’, ಸ್ಕ್ರೂಡ್ರೈವರ್ ‘ಪೇಚಕಸ’, ಬೇರಿಂಗಿನ ಗುಂಡುಗಳು ‘ಛರ್ರೆ’, ಸಡಿಲಕ್ಕೆ ಮಾತ್ರ ಅಚ್ಚ ಕನ್ನಡದ ‘ಆಟ’. “ಸ್ಟೇರಿಂಗಿನ್ಯಾಗ ಆಟ ಭಾಳ ಅದರಿ” ಎಂಬುದು ಉಸ್ತಾದರು ಜೀಪಿನ ಚಕ್ರವನ್ನು ಒಮ್ಮೆ ಅಲುಗಿಸಿ ಆಡಿದ ಮೊದಲ ಮಾತು.

ಇನ್ನು ಜೀಪಿನ ವಿಚಾರ. ಅಮೆರಿಕದ ವಿಲ್ಲಿಸ್ ಕಂಪನಿಯು 1953ರಲ್ಲಿ ಹೊರತಂದ ಸಿಜೆ-3ಬಿ ಎಂಬ ಮಾದರಿಯನ್ನು ಮಹೀಂದ್ರ ಅಂಡ್ ಮಹೀಂದ್ರದವರು ಮುಂದೆ ದಶಕಗಟ್ಟಲೆ ನಮ್ಮ ದೇಶದಲ್ಲಿ ತಯಾರಿಸಿದರು. ಹೊಸ ಎಂಜಿನ್ನು ಹಳೆಯದಕ್ಕಿಂತ ಎತ್ತರವಾಗಿದ್ದುದರಿಂದ ಬಾನೆಟ್ಟನ್ನೂ ಎತ್ತರಿಸಿದರು. ಆ ಎತ್ತರದ ಮೂತಿಯಿಂದಲೇ ಅದನ್ನು ಗುರುತಿಸಬಹುದು. ನಮ್ಮ ಭಾಗದಲ್ಲಿ ತಹಶೀಲ್ದಾರರು, ಪೊಲೀಸರು, ಡಾಕ್ಟರರು, ಮಠಾಧಿಪತಿಗಳು ಎಲ್ಲರೂ ಏರಿದ ವಾಹನವದು. ಲಿಂಗೈಕ್ಯ ಹಿರಿಯ ಅಪ್ಪಗಳು ಶ್ರಾವಣದ ಪ್ರವಚನಕ್ಕೆ ಹುಮನಾಬಾದ, ಬಸವಕಲ್ಯಾಣ ತಾಲ್ಲೂಕುಗಳ ಹಳ್ಳಿಹಳ್ಳಿಗೆ ಹೋಗಿಬರುತ್ತಿದ್ದುದು ಇದರಲ್ಲಿಯೇ. ಎರೆಮಣ್ಣಿನ ಕೆಸರಿನಲ್ಲಿ ಎತ್ತಿನ ಗಾಡಿಯೂ ಹೂತುಹೋಗುವ ದಿನಗಳಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ಈ ವಾಹನ ಊರು ಮುಟ್ಟಿಸುತ್ತಿತ್ತಂತೆ. ಅವರ ಅನಂತರ ಅದು ಮಠದ ಹಿಂದಿನ ತಗಡಿನ ಚಪ್ಪರದಡಿ ವರ್ಷಗಟ್ಟಲೆ ನಿಂತಿತ್ತು. ಮಕ್ಕಳು ಒಳಗೆ ಕುಳಿತು ಚಕ್ರ ತಿರುಗಿಸಿ ಆಡುತ್ತಿದ್ದರು. ಹಬ್ಬದ ದಿನ ಯಾರೋ ಒಬ್ಬರು ಬಾನೆಟ್ಟಿಗೆ ವಿಭೂತಿ ಹಚ್ಚಿ ಹೋಗುತ್ತಿದ್ದರು.

ಅದನ್ನು ರಿಪೇರಿ ಮಾಡಿಸುವ ಮಾತು ಬಂದಾಗ ಭಕ್ತರಲ್ಲಿ ಎರಡು ಅಭಿಪ್ರಾಯಗಳಾದವು. ಗಾಜಿನ ಮಂಟಪವೊಂದನ್ನು ಕಟ್ಟಿಸಿ, ಬಣ್ಣ ಹೊಡೆಸಿ, ಹಿರಿಯ ಅಪ್ಪಗಳ ಸ್ಮಾರಕವಾಗಿ ನಿಲ್ಲಿಸೋಣ ಎಂಬುದು ಹಿರಿಯ ಭಕ್ತರ ಇಚ್ಛೆ. ಓಡುವಂತೆ ಮಾಡೋಣ ಎಂಬುದು ಕೆಲವು ತರುಣರ ಇಚ್ಛೆ. ಗಾಜಿನ ಮಂಟಪ ಕೂಡದೆಂದು ನಾನು ಹೇಳಲಾರೆ. ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳ ಸಂಗ್ರಹವನ್ನು ನೋಡಿದವರು ವಾಹನವನ್ನು ಜತನವಾಗಿ ನಿಲ್ಲಿಸಿ ತೋರಿಸುವುದೂ ಒಂದು ವಿದ್ಯೆಯೆಂದು ಒಪ್ಪಿಯಾರು. ಆದರೆ ನಮ್ಮಲ್ಲಿ ನಿಲ್ಲಿಸುವುದಕ್ಕೆ ಸಂಗ್ರಹವಿಲ್ಲ, ಇರುವುದು ಒಂದೇ ಜೀಪು. ನಡೆಯುವುದಕ್ಕೆಂದೇ ಹುಟ್ಟಿದ್ದನ್ನು ನಿಲ್ಲಿಸಿ ಪೂಜಿಸುವ ವಿಷಯದಲ್ಲಿ ಶರಣರ ನಿಲುವೇನೆಂಬುದು ಇದನ್ನು ಓದುವವರಿಗೆ ಹೇಳಬೇಕಾದುದಲ್ಲ.

ಕಾನೂನಿನ ಪ್ರಶ್ನೆಯೂ ಇತ್ತು. ಕೇಂದ್ರ ಸರ್ಕಾರವು 2021ರ ಜುಲೈಯಲ್ಲಿ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಉಳಿದಿರುವ ಕಾರು, ಜೀಪು, ಬೈಕುಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಿ ‘ವಿಎ’ ಎಂಬ ಅಕ್ಷರಗಳುಳ್ಳ ಸಂಖ್ಯೆ ಪಡೆಯಬಹುದು. ಆದರೆ ಹಾಗೆ ಪಡೆದ ವಾಹನವನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು ಮೊದಲಾದವುಗಳಿಗೆ ಮಾತ್ರ ರಸ್ತೆಗೆ ಇಳಿಸಬೇಕು, ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಗೌರವದ ಸಂಖ್ಯೆ ಬೇಕೋ, ಹಳ್ಳಿಗಳಿಗೆ ಹೋಗಬೇಕೋ? ಈಗಿನ ಅಪ್ಪಗಳು ಎಲ್ಲರ ಮಾತು ಕೇಳಿ, ಹಳೆಯ ಸಂಖ್ಯೆಯಲ್ಲಿಯೇ ನೋಂದಣಿ ನವೀಕರಿಸೋಣ, ತಪಾಸಣೆಗೆ ಒಪ್ಪುವ ಹಾಗೆ ಮಾಡಿಸಿರಿ ಎಂದರು. ಜೀಪಿನಲ್ಲಿ ಜನ ಕುಳಿತು ರಸ್ತೆಗೆ ಹೋಗುವುದು ಖಚಿತವಾದ ಮೇಲೆ ಎಂಜಿನ್ನಿಗಿಂತ ಮೊದಲು ನೋಡಬೇಕಾದವು ಎರಡು, ಬ್ರೇಕು ಮತ್ತು ಸ್ಟೇರಿಂಗು. ಎಂಜಿನ್ನು ಕೆಟ್ಟರೆ ಗಾಡಿ ನಿಲ್ಲುತ್ತದೆ, ಅಷ್ಟೇ.

ನನ್ನ ಕೆಲಸ ಹುಟ್ಟಿದ್ದು ಇಲ್ಲಿ. ಒಬ್ಬ ಭಕ್ತರು ವಿಲ್ಲಿಸ್ ಜೀಪಿನ ಇಂಗ್ಲಿಷ್ ಸರ್ವಿಸ್ ಮ್ಯಾನ್ಯುಯಲ್ಲಿನ ಪ್ರತಿಯೊಂದನ್ನು ತಂದುಕೊಟ್ಟರು. ಉಸ್ತಾದರು ಉರ್ದು ಓದಬಲ್ಲರು, ಕನ್ನಡ ಮಾತಾಡಬಲ್ಲರು, ಇಂಗ್ಲಿಷ್ ಓದಲಾರರು. ಅದನ್ನು ಓದಿ ಅವರಿಗೆ ಅರ್ಥ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ವ್ಯಾಖ್ಯಾನ ನನ್ನ ವೃತ್ತಿಯೇ ಸರಿ. ಆದರೆ ನಾನು ವಿವರಿಸುತ್ತಿರುವ ವಿಷಯವನ್ನು ನನಗಿಂತ ನೂರು ಪಾಲು ಬಲ್ಲ ಶ್ರೋತೃವಿನ ಮುಂದೆ ಕುಳಿತದ್ದು ಅದೇ ಮೊದಲು. ಪುಸ್ತಕದ ಚಿತ್ರಗಳಲ್ಲಿ ಚಾಲಕ ಎಡಕ್ಕೆ ಕೂಡುತ್ತಾನೆ, ನಮ್ಮ ಜೀಪಿನಲ್ಲಿ ಬಲಕ್ಕೆ. ಹೀಗಾಗಿ ಓದುವಾಗಲೇ ಎಡಬಲಗಳನ್ನು ಅದಲುಬದಲು ಮಾಡಿ ಹೇಳಬೇಕಾಗುತ್ತಿತ್ತು.

ಆ ಜೀಪಿನ ಸ್ಟೇರಿಂಗ್ ರಚನೆ ಸರಳವಾದುದು. ಕೈಯಲ್ಲಿ ಹಿಡಿಯುವ ಚಕ್ರದಿಂದ ಒಂದು ಉದ್ದನೆಯ ಉಕ್ಕಿನ ನಳಿಗೆ ಓರೆಯಾಗಿ ಕೆಳಗಿಳಿದು ಷಾಸಿಯ ಬದಿಗೆ ಬಿಗಿದ ಕಬ್ಬಿಣದ ಪೆಟ್ಟಿಗೆಯೊಳಗೆ ಸೇರುತ್ತದೆ. ನಳಿಗೆಯ ಕೆಳತುದಿಯಲ್ಲಿ ಸುರುಳಿಯಾಗಿ ತೋಡು ಕೊರೆದ ಉರುಳೆ ಇದೆ, ಅದೇ ಕ್ಯಾಮ್. ಅದರ ಎರಡೂ ಬದಿಗೆ ಒಂದೊಂದು ಬಳೆಯಷ್ಟು ಛರ್ರೆಗಳು. ಅಡ್ಡಲಾಗಿ ಬರುವ ಇನ್ನೊಂದು ದಂಡಕ್ಕೆ ಎರಡು ಮೊನಚು ಗೂಟಗಳಿವೆ. ಅವು ಆ ಸುರುಳಿ ತೋಡಿನಲ್ಲಿ ಕೂತು, ಚಕ್ರ ತಿರುಗಿದಂತೆ ಮೇಲಕ್ಕೋ ಕೆಳಕ್ಕೋ ಸರಿಯುತ್ತವೆ. ಆಗ ದಂಡ ಹೊರಳಿ, ಅದರ ಹೊರತುದಿಯ ಡ್ರಾಪ್ ಆರ್ಮ್ ಹಿಂದೆ ಮುಂದೆ ಚಲಿಸಿ, ಡ್ರ್ಯಾಗ್ ಲಿಂಕನ್ನು ತಳ್ಳುತ್ತದೆ. ನಳಿಗೆಯ ಒಳಗಿಂದ ಹಾರ್ನಿನ ತಂತಿ ಮೇಲೆ ಬರುತ್ತದೆ. ನಳಿಗೆಯ ಹೊರಗೆ ಇನ್ನೊಂದು ಕೊಳವೆಯ ಹೊದಿಕೆ. ಇಷ್ಟೇ.

ಪೆಟ್ಟಿಗೆ ಬಿಚ್ಚಿದಾಗ ಕಂಡದ್ದು ಎಣ್ಣೆಯಲ್ಲ, ಕಲ್ಲಾಗಿದ್ದ ಕಪ್ಪು ಗ್ರೀಸು. ಮ್ಯಾನ್ಯುಯಲ್ ಹೇಳುವುದು ದಪ್ಪ ಗೇರ್ ಎಣ್ಣೆಯನ್ನು. ಸೀಲು ಸೋರುತ್ತದೆಂದು ಜನ ಗ್ರೀಸು ತುಂಬಿಬಿಡುತ್ತಾರೆ. ಗ್ರೀಸು ಗೂಟದ ದಾರಿಯಿಂದ ಒಮ್ಮೆ ಬದಿಗೆ ಸರಿದರೆ ಮರಳಿ ಬರುವುದಿಲ್ಲ, ಎಣ್ಣೆಯಾದರೆ ತಾನಾಗಿ ಹರಿದುಬಂದು ತುಂಬುತ್ತದೆ. ಸೀಮೆ ಎಣ್ಣೆಯಲ್ಲಿ ತೊಳೆದ ಮೇಲೆ ಉಸ್ತಾದರು ಕ್ಯಾಮನ್ನು ಬಾಗಿಲ ಬೆಳಕಿಗೆ ಹಿಡಿದು ನನ್ನನ್ನು ಕರೆದರು. ತೋಡಿನ ನಟ್ಟನಡುವೆ ಕೆರೆದಂತಹ ಗಾಯಗಳು. ಗೂಟಗಳೆರಡೂ ಒಂದು ಬದಿಗೆ ಚಪ್ಪಟೆಯಾಗಿದ್ದವು. ತೋಡಿನ ಎರಡು ತುದಿಗಳು ಮಾತ್ರ ಹೊಸದರಂತೆ ಹೊಳೆಯುತ್ತಿದ್ದವು.

“ಇದು ಸವದದ್ದಲ್ಲ ಮಾಸ್ತರ್ರೆ, ಯಾರೋ ಗಾಲಿ ತಿರುವಿಟ್ಟು ಬಿಗದಾರ” ಎಂದರು.

ಅವರ ಮಾತಿನ ಅರ್ಥ ನನಗೆ ಆದದ್ದು ಮ್ಯಾನ್ಯುಯಲ್ಲಿನ ಅದೇ ಭಾಗವನ್ನು ಓದಿದ ಮೇಲೆ. ಈ ಕ್ಯಾಮಿನ ತೋಡು ಎಲ್ಲ ಕಡೆಗೂ ಒಂದೇ ಆಳದಲ್ಲಿಲ್ಲ. ಗಾಡಿ ನೇರವಾಗಿ ಹೋಗುವಾಗ ಗೂಟಗಳು ಎಲ್ಲಿರುತ್ತವೆಯೋ ಅಲ್ಲಿ ತೋಡನ್ನು ಬೇಕೆಂದೇ ಆಳ ಕಡಿಮೆ ಮಾಡಿ ಕೊರೆದಿದ್ದಾರೆ. ಆದ್ದರಿಂದ ನಡುಮಧ್ಯದಲ್ಲಿ ಗೂಟ ಒತ್ತಿ ಕೂಡುತ್ತದೆ, ಎಡಕ್ಕೋ ಬಲಕ್ಕೋ ಪೂರ್ತಿ ತಿರುಗಿದಾಗ ಸಡಿಲಾಗುತ್ತದೆ. ಗಾಡಿಯ ಆಯುಷ್ಯದಲ್ಲಿ ಹೆಚ್ಚಿನ ಪಾಲು ನೇರದಾರಿಯದೇ. ಸವೆಯುವುದೂ ಅಲ್ಲೇ, ಬಿಗುವು ಬೇಕಾದುದೂ ಅಲ್ಲೇ. ಸವೆದಷ್ಟನ್ನು ಬದಿಯ ಮುಚ್ಚಳದ ಸ್ಕ್ರೂ ತಿರುಗಿಸಿ ತುಂಬಿಕೊಡಬಹುದು. ಅದನ್ನು ಗಾಲಿಗಳು ನೇರವಾಗಿರುವಾಗಲೇ ಮಾಡಬೇಕು. ತಿರುವಿನಲ್ಲಿ ಆಟವಿದ್ದರೆ ಇರಲಿ, ಅದು ದೋಷವಲ್ಲ ಎಂದು ಪುಸ್ತಕ ಸ್ಪಷ್ಟವಾಗಿ ತಿಳಿಸುತ್ತದೆ. ಹಿಂದೆ ಯಾರೋ ಇದನ್ನರಿಯದೆ, ಗಾಲಿಗಳನ್ನು ಪೂರ್ತಿ ತಿರುಗಿಸಿಟ್ಟು ಅಲ್ಲಿದ್ದ ಆಟವನ್ನು ಕಳೆಯಲು ಸ್ಕ್ರೂ ಬಿಗಿದಿದ್ದಾರೆ. ತಿರುವಿನಲ್ಲಿ ಸರಿಹೋದದ್ದು ನೇರಕ್ಕೆ ಬರುವಾಗ ಕಚ್ಚಿ ಹಿಡಿದಿದೆ. ತಿರುಗಿಸಿದ ಚಕ್ರ ತಾನಾಗಿ ಮರಳದೆ ನಡುವೆ ಹಿಡಿದುಕೊಂಡರೆ ಏನಾಗಬಹುದೆಂದು ಯೋಚಿಸಿದಾಗ, ಅಷ್ಟು ವರ್ಷ ಆ ಜೀಪು ನಿಂತಿದ್ದುದೇ ಲೇಸಾಯಿತು ಎನಿಸಿತು.

ಈ ಮಾತು ನನ್ನ ಓದಿನ ಮೇಲೂ ಬಂದೆರಗಿತು. ಅನೇಕ ವಚನಗಳಲ್ಲಿ ತಿರುವುಗಳಿವೆ: ಬೆಡಗು, ಶ್ಲೇಷೆ, ಪಾಠಾಂತರ. ಎಂ.ಎ. ತರಗತಿಯಿಂದಲೂ ನಮ್ಮ ಜಾಣ್ಮೆಯೆಲ್ಲ ಅಲ್ಲಿಯೇ. ಒಂದು ಬೆಡಗಿನ ವಚನದ ಒಂದೊಂದು ಸಂಕೇತಕ್ಕೂ ಸಂದುಬಿಡದಂತೆ ಅರ್ಥ ಬಿಗಿಯುತ್ತೇವೆ. ಹಾಗೆ ಬಿಗಿದ ವ್ಯಾಖ್ಯಾನವನ್ನು ತೆಗೆದುಕೊಂಡು ನುಡಿದಂತೆ ನಡೆ ಎಂಬ ಸೀದಾ ಮಾತಿನ ಬಳಿ ಬಂದಾಗ ಅದು ಓಡುವುದಿಲ್ಲ. ಪಾಂಡಿತ್ಯ ಬೇಡವೆಂದು ಇದರ ಅರ್ಥವಲ್ಲ. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸುವ ಮುನ್ನ ಓಲೆಗರಿಗಳಿಗಾಗಿ ಮನೆಮನೆ ಅಲೆಯದಿದ್ದರೆ ನಮಗೆ ವ್ಯಾಖ್ಯಾನಿಸಲು ವಚನಗಳೇ ಇರುತ್ತಿರಲಿಲ್ಲ. ಬಿಗುವು ಎಲ್ಲಿ ಬೇಕೆಂಬುದಷ್ಟೇ ಪ್ರಶ್ನೆ. ಇರಲಿ, ಗ್ಯಾರೇಜಿಗೆ ಮರಳುತ್ತೇನೆ.

ಕ್ಯಾಮ್ ಮತ್ತು ಗೂಟದ ದಂಡಗಳನ್ನು ಬದಲಿಸಲೇಬೇಕಾಯಿತು. ಆ ಮಾದರಿಯ ಜೀಪುಗಳು ನಮ್ಮ ದೇಶದಲ್ಲಿ ಅಷ್ಟು ಓಡಿರುವುದರಿಂದ ಬಿಡಿಭಾಗಗಳು ಈಗಲೂ ತಯಾರಾಗುತ್ತವೆ. ಹೈದರಾಬಾದಿನಿಂದ ತರಿಸಿದೆವು. ಸುದ್ದಿ ತಿಳಿದ ಒಬ್ಬ ಹಿರಿಯ ಭಕ್ತರು ಗ್ಯಾರೇಜಿಗೇ ಬಂದರು. ಹಿರಿಯ ಅಪ್ಪಗಳ ಕಾಲದಲ್ಲಿ ಎಷ್ಟೋ ವರ್ಷ ಈ ಜೀಪು ನಡೆಸಿದವರು ಅವರು. ಹಳೆಯ ಕ್ಯಾಮನ್ನು ಪಂಚೆಯ ಸೆರಗಿನಲ್ಲಿ ಒರೆಸಿ ಎತ್ತಿಕೊಂಡು, “ಇದಕ್ಕೇ ವೆಲ್ಡಿಂಗ ಮಾಡ್ಸಿ, ಅರದಾಗ ತಿಕ್ಕಿ ಹಾಕ್ರಿ. ಅಪ್ಪಗೋಳು ಕುಂತ ಗಾಡಿದು ಹೊರಗ ಒಗಿಬ್ಯಾಡ್ರಿ” ಎಂದರು. ಅವರ ಕಣ್ಣು ತುಂಬಿತ್ತು.

ಉಸ್ತಾದರು ಏನನ್ನೂ ಹೇಳದೆ ನನ್ನ ಕಡೆ ನೋಡಿದರು. ಗ್ರಂಥಸಂಪಾದನೆ ಓದಿದವನು ನಾನು. ಪರಂಪರೆಯಿಂದ ಬಂದ ಪಾಠವನ್ನು ಲಘುವಾಗಿ ತಿದ್ದಬಾರದು, ದೋಷವೆಂದು ಕಂಡದ್ದನ್ನೂ ಅಡಿಟಿಪ್ಪಣಿಯಲ್ಲಾದರೂ ಉಳಿಸಬೇಕು ಎಂಬುದು ಅಲ್ಲಿನ ನಿಯಮ. ಆದರೆ ಸ್ಟೇರಿಂಗಿಗೆ ಅಡಿಟಿಪ್ಪಣಿ ಇಲ್ಲ. ಗಟ್ಟಿಮಾಡಿ ತಯಾರಿಸಿದ ಉಕ್ಕಿನ ಮೇಲೆ ವೆಲ್ಡಿಂಗಿನ ಬಿಸಿ ತಗುಲಿದರೆ ಆ ಗಟ್ಟಿತನ ಉಳಿಯುವುದಿಲ್ಲ, ಅರದಿಂದ ತಿಕ್ಕಿ ಆ ತೋಡಿನ ಆಳವನ್ನು ಮರಳಿ ತರಲಾಗುವುದಿಲ್ಲ ಎಂದು ಉಸ್ತಾದರು ಮೊದಲೇ ನನಗೆ ಹೇಳಿದ್ದರು. “ಕಾಕಾ, ಕೈಯಾಗ ಹಿಡಿಯೋ ಚಕ್ರ ಹಳೇದೇ ಇರ್ತದ. ಒಳಗಿನ ಕ್ಯಾಮು ಮಾತ್ರ ಹೊಸದು. ನಾಳೆ ಇದರಾಗ ಹುಡುಗರು ಕುಂತು ಹೋಗ್ತಾರ” ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹಳೆಯ ಕ್ಯಾಮನ್ನು ಒಂದು ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ದರು. ಅದು ಅವರ ಮನೆಯಲ್ಲಿಯೇ ಇದೆ. ಅವರಿಗೆ ಪೂರ್ತಿ ಸಮಾಧಾನವಾಯಿತೆಂದು ನಾನು ಹೇಳಲಾರೆ.

ಚಕ್ರದ ಬಿರುಕುಗಳಿಗೆ ಎಪಾಕ್ಸಿ ತುಂಬಿ, ಒಣಗಿಸಿ, ಮರಳುಕಾಗದದಿಂದ ಉಜ್ಜಿ ಕಪ್ಪು ಬಣ್ಣ ಹಚ್ಚಲಾಯಿತು. ಬಲಗೈ ಹೆಬ್ಬೆರಳು ಕೂಡುವ ಜಾಗದಲ್ಲಿದ್ದ ಸವೆತವನ್ನು ತುಂಬದೆ ಹಾಗೆಯೇ ಬಿಡಿಸಿದೆ. ಅದು ಆ ಕಾಕಾನ ಹೆಬ್ಬೆರಳಿನ ಗುರುತು.

ಜೋಡಣೆಗೆ ಎರಡು ದಿನ ಹಿಡಿಯಿತು. ಛರ್ರೆಗಳನ್ನು ಗ್ರೀಸಿನಲ್ಲಿ ಅಂಟಿಸಿ ಕೂಡಿಸಿದ ಮೇಲೆ ಪೆಟ್ಟಿಗೆಯ ಮೇಲ್ಮುಚ್ಚಳದಡಿ ತೆಳು ಹಾಳೆಯಂತಹ ಶಿಮ್‌ಗಳನ್ನು ಇಡಬೇಕು. ಒಂದೊಂದರ ದಪ್ಪ ಇಂಚಿನ ಸಾವಿರ ಪಾಲಿನಲ್ಲಿ ಎರಡೋ ಮೂರೋ. ಒಂದು ತೆಗೆದರೆ ನಳಿಗೆ ಬಿಗಿಯುತ್ತದೆ, ಒಂದು ಇಟ್ಟರೆ ಮೇಲೆ ಕೆಳಗೆ ಆಡುತ್ತದೆ. ಹೆಬ್ಬೆರಳು ತೋರುಬೆರಳುಗಳಿಂದ ಮೆಲ್ಲಗೆ ಹಿಡಿದರೂ ಚಕ್ರ ತಿರುಗಬೇಕು, ಆದರೆ ಅತ್ಯಲ್ಪ ತಡೆ ಕೈಗೆ ತಿಳಿಯಬೇಕು. ಪುಸ್ತಕದ ಆ ಮಾತಿಗೆ ನಾನು ‘ನಸುತಡೆ’ ಎಂದು ಅರ್ಥ ಹೇಳಿದೆ. ಉಸ್ತಾದರಿಗೆ ಅದು ಹಿಡಿಸಲಿಲ್ಲ. ಚಕ್ರವನ್ನು ಎರಡು ಸಲ ತಿರುಗಿಸಿ, “ಖಾಲಿ ಬೀಸೋಕಲ್ಲು ತಿರುವಿದಂಗ ಅಲ್ರಿ, ಒಂದ್ ಮುಟಗಿ ಜ್ವಾಳ ಹಾಕಿ ತಿರುವಿದಂಗ” ಎಂದರು. ನನ್ನ ಅಜ್ಜಿಯ ಬೀಸುವ ಕಲ್ಲಿಗೆ ಕೈಹಚ್ಚಿ ಬಲ್ಲ ನನಗೆ ಆ ಕ್ಷಣವೇ ಅದು ತಿಳಿಯಿತು. ಇಂತಹ ಟೀಕೆ ಬರೆಯಲು ನನಗಾಗುವುದಿಲ್ಲ. ಬಾಚಿಕಾಯಕದ ಬಸವಯ್ಯನಂಥವರು ಉಳಿಗೊರಡುಗಳ ಮಾತಿನಲ್ಲಿ ತತ್ತ್ವ ನುಡಿದಾಗ ಅದನ್ನು ‘ರೂಪಕ’ ಎಂದು ಕರೆದು ಮುಂದೆ ಸಾಗುವ ನಮ್ಮ ಅಭ್ಯಾಸ ಸರಿಯೇ ಎಂಬ ಸಂಶಯ ಅಲ್ಲಿಂದ ಹತ್ತಿದೆ. ಅವರಿಗೆ ಅದು ರೂಪಕವಾಗಿರಲಿಲ್ಲವೇನೋ, ಅಳತೆಯಾಗಿತ್ತೇನೋ.

ನಳಿಗೆಯನ್ನು ಗಾಡಿಗೆ ಕೂಡಿಸುವಾಗ ಇನ್ನೊಂದು ಸೂಕ್ಷ್ಮವಿದೆ. ಕೆಳಗಿನ ಪೆಟ್ಟಿಗೆಯ ಬೋಲ್ಟುಗಳನ್ನು ಮೊದಲು ಷಾಸಿಗೆ ಬಿಗಿದು, ಮೇಲೆ ಡ್ಯಾಶ್‌ಬೋರ್ಡಿನ ಕ್ಲಾಂಪನ್ನು ಸಡಿಲಬಿಟ್ಟು, ನಳಿಗೆ ತಾನಾಗಿ ಎಲ್ಲಿ ನಿಲ್ಲುತ್ತದೆಂದು ನೋಡಬೇಕು. ಕ್ಲಾಂಪು ಅದು ನಿಂತಲ್ಲಿಗೆ ಬರಬೇಕೇ ಹೊರತು ಅದನ್ನು ಎಳೆದು ಕ್ಲಾಂಪಿಗೆ ತರಬಾರದು. ಎಳೆದು ಕಟ್ಟಿದರೆ ನಳಿಗೆ ಕೂದಲೆಳೆಯಷ್ಟು ಬಾಗಿ, ಕೆಳಗೆ ಎಷ್ಟು ನಾಜೂಕಾಗಿ ಹೊಂದಿಸಿದ್ದರೂ ಚಕ್ರ ಭಾರವಾಗುತ್ತದೆ. ನಮ್ಮದು ಅರ್ಧ ಬೆರಳು ಎಡಕ್ಕೆ ನಿಂತಿತು. ಡ್ಯಾಶ್‌ಬೋರ್ಡು ಹಿಂದೆಂದೋ ಪೆಟ್ಟು ತಿಂದು ಸೊಟ್ಟಗಾಗಿತ್ತು. ಆ ತಗಡನ್ನು ಸರಿಪಡಿಸಲು ಅರ್ಧ ದಿನ ಹೋಯಿತು.

ಉಳಿದದ್ದು ಬೇಗ ಮುಗಿಯಿತು. ಮುಂಗಾಲಿಗಳನ್ನು ಜಾಕಿನ ಮೇಲೆತ್ತಿ, ಚಕ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸುತ್ತು ಎಣಿಸುತ್ತ ತಿರುಗಿಸಿ, ಅದರ ಅರ್ಧಕ್ಕೆ ಮರಳಿ ತಂದು ನಡುಮಧ್ಯ ಗುರುತಿಸಿದರು. ಅಲ್ಲಿಯೇ ಬದಿಯ ಸ್ಕ್ರೂ ಹೊಂದಿಸಿ ನಟ್ಟಿನಿಂದ ಬಂಧಿಸಿದರು. ಎಣ್ಣೆ ತುಂಬಿದರು. ಡ್ರ್ಯಾಗ್ ಲಿಂಕಿನ ತುದಿಗಳ ಬಿರಡೆಯನ್ನು ಪೂರ್ತಿ ಬಿಗಿದು, ಒಂದು ಕಡೆ ಅರ್ಧ ಸುತ್ತು, ಮತ್ತೊಂದು ಕಡೆ ಒಂದು ಸುತ್ತು ಹಿಂದಕ್ಕೆ ಬಿಟ್ಟು ಪಿನ್ನು ಹಾಕಿದರು. ಒಳಗಿನ ಸ್ಪ್ರಿಂಗಿಗೆ ರಸ್ತೆಯ ಪೆಟ್ಟು ನುಂಗಲು ಆ ಜಾಗ ಬೇಕಂತೆ.

ಸಂಜೆ ಬೀದರ–ಹುಮನಾಬಾದ ರಸ್ತೆಯ ದಟ್ಟಣೆ ಬಿಟ್ಟು ಊರಿನ ಬದಿಯ ಒಂದು ನೇರವಾದ ಹೊಲದ ದಾರಿಗೆ ಜೀಪನ್ನು ಇಳಿಸಿದೆವು. ಉಸ್ತಾದರು ನಡೆಸಿದರು, ನಾನು ಪಕ್ಕಕ್ಕೆ, ಕಾಕಾ ಹಿಂದೆ. ಇಪ್ಪತ್ತರ ವೇಗದಲ್ಲಿ ಉಸ್ತಾದರು ಎರಡೂ ಕೈಗಳನ್ನು ಚಕ್ರದಿಂದ ಒಂದು ಗೇಣು ಮೇಲೆತ್ತಿದರು. ಜೀಪು ತೊಗರಿ ಹೊಲಗಳ ನಡುವೆ ನೇರವಾಗಿ ಹೋಯಿತು. ತಿರುವಿನಲ್ಲಿ ತಿರುಗಿಸಿ ಬಿಟ್ಟರೆ ಚಕ್ರ ಅವರ ಅಂಗೈಯೊಳಗೆ ಜಾರುತ್ತ ತಾನಾಗಿ ನಡುವಿಗೆ ಬಂತು. ಪೂರ್ತಿ ತಿರುಗಿಸಿದಾಗ ಕೊಂಚ ಆಟ ಉಳಿದಿತ್ತು. ನಾನು ಅದನ್ನು ತೋರಿಸಿದೆ. “ಇರ್ಲಿ ಬಿಡ್ರಿ, ನೀವೇ ಓದಿ ಹೇಳೀರಲ್ಲ” ಎಂದು ನಕ್ಕರು. ಮರಳುವಾಗ ಕಾಕಾನನ್ನು ಮುಂದೆ ಕೂಡಿಸಿ ಚಕ್ರವನ್ನು ಅವರ ಕೈಗೆ ಕೊಟ್ಟರು. ಕಾಕಾ ಹೆಬ್ಬೆರಳಿನಿಂದ ಸವೆದ ಜಾಗ ಹುಡುಕಿಕೊಂಡು, ಗ್ಯಾರೇಜು ಬರುವವರೆಗೆ ಯಾರೊಡನೆಯೂ ಮಾತಾಡದೆ ನಡೆಸಿದರು.

ಹಾರ್ನು ಮಾತ್ರ ಬಾರಿಸಲಿಲ್ಲ. ನಳಿಗೆಯೊಳಗಿನ ತಂತಿಯ ಹೊದಿಕೆ ಎಲ್ಲೋ ಹರಿದು ಕಬ್ಬಿಣಕ್ಕೆ ತಾಗುತ್ತಿರಬೇಕು ಎಂದು ಉಸ್ತಾದರು ಹೇಳಿದರು. ತಪಾಸಣೆಗೆ ಹೋಗುವ ಮುನ್ನ ಚಕ್ರವನ್ನು ಇನ್ನೊಮ್ಮೆ ಕಳಚಿ ಹೊಸ ತಂತಿ ಎಳೆಯಬೇಕಾಗಿದೆ.